ಯಾವಾಗ ಬೇಕಾದರೂ ಫೋನ್ ಮಾಡಿ, ಈಗೊಂದು ಬಿಟ್ಟು

ರಾತ್ರಿ ಮೂರು ಗಂಟೆಗೆ ಸೀನಿಯರ್‌ಗೆ ಫೋನ್ ಮಾಡುವುದು ಆಸ್ಪತ್ರೆಯಲ್ಲಿ ನಡೆಯುವ ಅತಿ ಅಪಾಯಕಾರಿ ಪ್ರೊಸೀಜರ್. ಬೆನ್ನಿನಿಂದ ನೀರು ತೆಗೆಯುವುದು, ಎದೆಗೆ ಟ್ಯೂಬ್ ಹಾಕುವುದು ಇವಕ್ಕೆಲ್ಲ ಲಾಗ್‌ಬುಕ್ಕಿನಲ್ಲಿ ಕಾಲಂ ಉಂಟು. ಇಷ್ಟು ಸಲ ನೋಡಬೇಕು, ಇಷ್ಟು ಸಲ ಯಾರಾದರೂ ಪಕ್ಕದಲ್ಲಿದ್ದಾಗ ಮಾಡಬೇಕು, ಆಮೇಲೆ ತಾನೇ ಮಾಡಬಹುದು ಎಂಬ ಲೆಕ್ಕ ಉಂಟು. ಫೋನಿಗೆ ಕಾಲಂ ಇಲ್ಲ. ಡ್ಯೂಟಿ ಡಾಕ್ಟರ್ ಅದನ್ನು ತರಬೇತಿಯೂ ಇಲ್ಲದೆ, ಅರಿವಳಿಕೆಯೂ ಇಲ್ಲದೆ, ಸಿಸ್ಟರ್ ನೋಡುತ್ತಿರುವಾಗ ಒಬ್ಬರೇ ನಿಂತು ಮಾಡಬೇಕು.

ಅನುಮತಿಯೇನೋ ಮೊದಲ ದಿನವೇ ಸಿಕ್ಕಿರುತ್ತದೆ. ಸ್ವಾಗತ ಕಾರ್ಯಕ್ರಮದಲ್ಲಿ ವಿಭಾಗದ ಮುಖ್ಯಸ್ಥರು ಮೈಕ್ ಹಿಡಿದು, "ಏನೇ ಅನುಮಾನ ಬಂದರೂ ಯಾವಾಗ ಬೇಕಾದರೂ ಫೋನ್ ಮಾಡಿ, ಸಂಕೋಚ ಬೇಡ" ಎಂದಿರುತ್ತಾರೆ. ಚಪ್ಪಾಳೆ ಬಿದ್ದಿರುತ್ತದೆ. ನಂಬರ್ ಹೇಳಿರುವುದಿಲ್ಲ, ಆ ಮಾತು ಬೇರೆ. ಇನ್ನು ಪ್ರೊಸೀಜರ್ ಹೀಗೆ ನಡೆಯುತ್ತದೆ:

"ಸಾರಿ ಸರ್, ಹನ್ನೆರಡನೇ ಬೆಡ್ ಬಗ್ಗೆ..."

"ಏನಾಯ್ತು?"

"ಬಿಪಿ ಸ್ವಲ್ಪ ಕಡಿಮೆ ಇದೆ ಸರ್."

"ಸ್ವಲ್ಪ ಅಂದ್ರೆ?"

"ಎಂಬತ್ತೆಂಟು ಸರ್."

"ಯೂರಿನ್ ಎಷ್ಟು?"

"ನೋಡಿ ಹೇಳ್ತೀನಿ ಸರ್."

"ಅದನ್ನೂ ನೋಡ್ದೆ ಫೋನ್ ಮಾಡೋದಾ?"

ಟಕ್.

ಮುಕ್ಕಾಲು ನಿಮಿಷದ ಕೆಲಸ. ರೋಗಿಗೆ ಇದರಿಂದ ಏನೂ ಆಗಲಿಲ್ಲ, ಬಿಪಿಯ ಮೇಲಿನ ಅಂಕಿ ಎಂಬತ್ತೆಂಟರಲ್ಲೇ ಇದೆ. ಆದರೆ ಶಿಕ್ಷಣ ಮಾತ್ರ ಸಂಪೂರ್ಣವಾಯಿತು. ಮುಂದಿನ ಸಲ ಎಂಬತ್ತೆಂಟು ಕಂಡರೆ ಎಪ್ಪತ್ತೆಂಟು ಆಗುವವರೆಗೂ ಕಾಯಬೇಕು ಎಂಬುದನ್ನು ಆ ಹುಡುಗ ಜನ್ಮದಲ್ಲಿ ಮರೆಯುವುದಿಲ್ಲ.

ಈ ಫೋನ್ ಕರೆಗೂ ಒಂದು ಕ್ರಮ ಇದೆ, ಹೇಳಿಕೊಟ್ಟರೆ ಹತ್ತು ನಿಮಿಷದಲ್ಲಿ ಬರುತ್ತದೆ. ಈಗೇನಾಗುತ್ತಿದೆ, ಹಿನ್ನೆಲೆ ಏನು, ನನಗೇನನ್ನಿಸುತ್ತದೆ, ನಿಮ್ಮಿಂದ ಏನು ಬೇಕು ಎಂಬ ನಾಲ್ಕೇ ಭಾಗ. ಎಸ್‌ಬಿಎಆರ್ ಎಂಬ ಹೆಸರಿನ ಈ ಪದ್ಧತಿ ಆಸ್ಪತ್ರೆಗೆ ಬಂದದ್ದು ಅಮೆರಿಕ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ. ಅಲ್ಲಿ ಕ್ಯಾಪ್ಟನ್ನರ ನಿದ್ದೆ ಕೆಡುತ್ತದೆಂದು ರಿಯಾಕ್ಟರಿನ ಸುದ್ದಿಯನ್ನು ಬೆಳಗಿನ ರೌಂಡ್ಸಿಗೆ ಯಾರೂ ಎತ್ತಿಡುವುದಿಲ್ಲ. ಹನ್ನೆರಡನೇ ಬೆಡ್ಡಿಗೆ ಅದು ಹೀಗಿರಬೇಕಿತ್ತು: "ಸರ್, ಹನ್ನೆರಡನೇ ಬೆಡ್, ಬಿಪಿ 88, ನಾಡಿ 124, ಉಸಿರು 28. ನಿನ್ನೆ ಕರುಳಿನ ಆಪರೇಷನ್ ಆದವರು, ಅರವತ್ತು ಕೆಜಿ ತೂಕ, ಎರಡು ಗಂಟೆಯಲ್ಲಿ ಯೂರಿನ್ 30 ಎಂಎಲ್ ಮಾತ್ರ. 500 ಎಂಎಲ್ ಡ್ರಿಪ್ ಕೊಟ್ಟೆ, ಬಿಪಿ ಏರಲಿಲ್ಲ. ಹೊಲಿಗೆ ಬಿಟ್ಟು ಒಳಗೆ ಸೋರುತ್ತಿರಬಹುದು, ಇಲ್ಲವೇ ರಕ್ತ ಹೋಗುತ್ತಿರಬಹುದು. ನೀವು ಬಂದು ನೋಡಬೇಕು." ಅರ್ಧ ನಿಮಿಷದ ಮಾತು. ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಲೆಕ್ಕದಲ್ಲಿ ಆ ರೋಗಿಗೆ ಎರಡು ಗಂಟೆಯಲ್ಲಿ 60 ಎಂಎಲ್ ಆದರೂ ಯೂರಿನ್ ಬರಬೇಕಿತ್ತು, ಬಂದದ್ದು ಅರ್ಧ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಕೊನೆಯ ವಾಕ್ಯ. ಹೊಸಬರು ಮೊದಲ ಮೂರು ಭಾಗ ಹೇಳಿ ಸುಮ್ಮನಾಗುತ್ತಾರೆ. ಸೀನಿಯರ್, "ಸರಿ, ನೋಡ್ತಾ ಇರು" ಎನ್ನುತ್ತಾರೆ. ಇಬ್ಬರೂ ನೋಡುತ್ತಿರುತ್ತಾರೆ, ಒಬ್ಬರು ಮಾನಿಟರನ್ನು, ಇನ್ನೊಬ್ಬರು ಕನಸನ್ನು.

ಸೀನಿಯರ್ ಪಾಲಿನ ಕ್ರಮ ಇನ್ನೂ ಸಣ್ಣದು. ಮೊದಲ ಮಾತು, "ಫೋನ್ ಮಾಡಿದ್ದು ಒಳ್ಳೇದಾಯ್ತು." ಎರಡನೆಯದು, "ನಿನಗೇನನ್ನಿಸ್ತಿದೆ?" ಮೂರನೆಯದು, "ಬರಲಾ?" ಈ ಮೂರನ್ನೂ ಅರೆನಿದ್ದೆಯಲ್ಲಿ ಹೇಳಬಹುದು. ಕಂಠಪಾಠ ಮಾಡಿಟ್ಟುಕೊಂಡರೆ ಕಣ್ಣು ತೆರೆಯುವ ಅಗತ್ಯವೂ ಇಲ್ಲ.

ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ. ಯಾವ ಸ್ಥಿತಿಯಲ್ಲಿ ಫೋನ್ ಮಾಡಲೇಬೇಕು ಎಂದು ಬರೆದಿಟ್ಟುಬಿಡುವುದು. ಐಸಿಯುಗೆ ಸಾಗಿಸುವಾಗ, ಆಪರೇಷನ್ನಿಗೆ ಮರಳಿ ಕರೆದೊಯ್ಯಬೇಕೆನ್ನಿಸಿದಾಗ, ಎದೆಬಡಿತ ನಿಂತಾಗ, ಅನಿರೀಕ್ಷಿತ ಸಾವಾದಾಗ, ರೋಗಿ ಸಲಹೆ ಮೀರಿ ಮನೆಗೆ ಹೊರಟಾಗ, ಸಿಸ್ಟರ್‌ಗೆ ಯಾಕೋ ಸರಿ ಅನ್ನಿಸದಿದ್ದಾಗ. ಬರೆದಿಟ್ಟರೆ ಫೋನ್ ಮಾಡುವುದು ದಡ್ಡತನದ ತಪ್ಪೊಪ್ಪಿಗೆಯಾಗದೆ ನಿಯಮಪಾಲನೆಯಾಗುತ್ತದೆ. ಅನೇಕ ವಿಭಾಗಗಳಲ್ಲಿ ಇಂಥ ಪಟ್ಟಿ ಇದೆ. ಬೀರುವಿನ ಬಾಗಿಲಿನ ಒಳಭಾಗಕ್ಕೆ ಅಂಟಿಸಿದ್ದಾರೆ, ಗ್ಲೌಸ್ ಡಬ್ಬದ ಹಿಂದೆ.

ಫೋನಿನ ಕಾಟವೇ ಬೇಡ ಎನ್ನುವವರಿಗೆ ಒಂದು ಮಾಯಾಸಂಖ್ಯೆ ಇದೆ: 18. ಯಾವ ವಾರ್ಡಿಗೆ ಬೇಕಾದರೂ ಹೋಗಿ ಚಾರ್ಟ್ ನೋಡಿ, ಎಲ್ಲ ರೋಗಿಗಳೂ ನಿಮಿಷಕ್ಕೆ 18 ಸಲ ಉಸಿರಾಡುತ್ತಿರುತ್ತಾರೆ. ನ್ಯುಮೋನಿಯಾದವರದೂ 18, ನಾಳೆ ಡಿಸ್ಚಾರ್ಜ್ ಆಗುವವರದೂ 18. ಉಸಿರು ಎಣಿಸುವುದಕ್ಕೆ ಯಂತ್ರ ಬೇಡ. ಎಣಿಸುತ್ತಿದ್ದೇವೆಂದು ರೋಗಿಗೆ ಹೇಳದೆ, ನಾಡಿ ಹಿಡಿದಂತೆ ನಟಿಸುತ್ತ, ಎದೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡು ನೋಡಬೇಕು, ಅಷ್ಟೆ. ಆ ಅರವತ್ತು ಸೆಕೆಂಡು ಯಾರ ಹತ್ತಿರವೂ ಇಲ್ಲ.

ನ್ಯೂಸ್2 ಎಂಬ ಅಪಾಯಸೂಚಕ ಅಂಕಪಟ್ಟಿಯಲ್ಲಿ ಇದರ ಫಲ ನೋಡಿ. ಏಳು ಸಂಗತಿಗೆ ಅಂಕ ಹಾಕುತ್ತಾರೆ. ಹನ್ನೆರಡನೇ ಬೆಡ್ಡಿನ ಬಿಪಿ 88ಕ್ಕೆ 3, ನಾಡಿ 124ಕ್ಕೆ 2, ಉಸಿರು 28ಕ್ಕೆ 3. ಉಳಿದದ್ದೆಲ್ಲ ಸರಿಯಿದ್ದರೂ ಮೊತ್ತ 8. ಏಳು ಮುಟ್ಟಿತೆಂದರೆ ತುರ್ತು, ಸೀನಿಯರ್ ಏಳಲೇಬೇಕು. ಈಗ 28ರ ಜಾಗದಲ್ಲಿ 18 ಎಂದು ಬರೆಯಿರಿ. ಮೊತ್ತ 5. ರೋಗಿ ಒಂದೇ ಕ್ಷಣದಲ್ಲಿ ಮೂರು ಅಂಕ ಗುಣವಾದರು, ಔಷಧಿಯ ಖರ್ಚೂ ಇಲ್ಲ.

ಎಣಿಸದವರನ್ನು ಬೈಯುವುದು ಸುಲಭ. ಮೊದಲ ವಾರ ಯಾರಾದರೂ ಪಕ್ಕದಲ್ಲಿ ನಿಂತು, "ಬಾ, ಇಬ್ಬರೂ ಎಣಿಸೋಣ" ಎಂದಿದ್ದರೆ ಆಗುತ್ತಿತ್ತು. ಪಕ್ಕದಲ್ಲಿ ನಿಲ್ಲುವುದನ್ನೇ ಮೇಲ್ವಿಚಾರಣೆ ಎನ್ನುತ್ತಾರೆ. ಹಾಗಂತ ಪುಸ್ತಕದಲ್ಲಿ. ಆಸ್ಪತ್ರೆಯಲ್ಲಿ ಮೇಲ್ವಿಚಾರಣೆ ಎಂದರೆ ಸಹಿ.

ಸಹಿಗೆ ಒಂದು ಋತುವಿದೆ, ಪೋಸ್ಟಿಂಗ್ ಮುಗಿಯುವ ಕೊನೆಯ ದಿನ. ಹೊಸ ಡಾಕ್ಟರ್ ರೋಗಿಯನ್ನು ಪರೀಕ್ಷಿಸುವುದನ್ನು ಸೀನಿಯರ್ ಕಣ್ಣಾರೆ ನೋಡಿ ಅಂಕ ಕೊಡುವ ಮಿನಿ-ಸಿಇಎಕ್ಸ್ ಎಂಬ ಮೌಲ್ಯಮಾಪನವಿದೆ. ಹದಿನೈದಿಪ್ಪತ್ತು ನಿಮಿಷ ನೋಡಬೇಕು, ಐದು ಹತ್ತು ನಿಮಿಷ ಕೂರಿಸಿ ಹೇಳಬೇಕು. ನಡೆಯುವುದು ಲಿಫ್ಟಿನ ಬಾಗಿಲ ಬಳಿ. ಲಾಗ್‌ಬುಕ್ಕನ್ನು ಗೋಡೆಗೆ ಒತ್ತಿಹಿಡಿದು, ಹಾಳೆ ತಿರುವುತ್ತ, ಲಿಫ್ಟ್ ಬರುವುದರೊಳಗೆ ಆರು ತಿಂಗಳ ನಲವತ್ತು ಸಹಿ. ಗೋಡೆಗಿಟ್ಟ ಬಾಲ್ ಪೆನ್ನಿಗೆ ಇಂಕ್ ಇಳಿಯದ ಕಾರಣ ಕೊನೆಯ ಹತ್ತು ಸಹಿ ಬರೀ ಗೀರುಗಳು. "ಸಂವಹನ ಕೌಶಲ: ಉತ್ತಮ." ಹೆಸರು ಕೇಳುವುದು ಆಮೇಲೆ, ಲಿಫ್ಟಿನೊಳಗಿಂದ.

ಸಹಿ ಬಿದ್ದ ಮೇಲೆ ಕೈ ಕುದುರಲೇಬೇಕಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಲೈನ್ ಹಾಕುವುದನ್ನೇ ತೆಗೆದುಕೊಳ್ಳಿ. ಸೂಜಿ, ಅದರೊಳಗಿಂದ ಗೈಡ್‌ವೈರ್ ಎಂಬ ತೆಳು ತಂತಿ, ಸೂಜಿ ತೆಗೆ, ದಾರಿ ಅಗಲಿಸು, ವೈರಿನ ಮೇಲೆ ಕ್ಯಾಥೆಟರ್ ಎಂಬ ನಳಿಕೆ ಜಾರಿಸು, ವೈರ್ ಎಳೆದುಕೋ. ಇಡೀ ಕೆಲಸದಲ್ಲಿ ಮರೆಯಬಾರದ್ದು ಒಂದೇ, ವೈರಿನ ಹೊರತುದಿ ಸದಾ ಕೈಯಲ್ಲಿರಬೇಕು. ಕ್ಯಾಥೆಟರಿನ ಹಿಂಬದಿಯಿಂದ ವೈರ್ ಇಣುಕುವವರೆಗೆ ಕ್ಯಾಥೆಟರನ್ನು ಒಳಗೆ ತಳ್ಳಲೇಬಾರದು. ತಳ್ಳಿದರೆ ವೈರ್ ಇಡಿಯಾಗಿ ಹೃದಯದ ಕಡೆ ಪ್ರಯಾಣ ಬೆಳೆಸುತ್ತದೆ. ಇದು ನಡೆಯುವುದು ಗೊತ್ತಿಲ್ಲದ್ದರಿಂದಲ್ಲ. ಅದೇ ಹೊತ್ತಿಗೆ ಯಾರೋ ಬಾಗಿಲಲ್ಲಿ ನಿಂತು "ಡಾಕ್ಟರೇ, ಏಳನೇ ಬೆಡ್" ಎನ್ನುತ್ತಾರೆ, ಗಮನ ಅತ್ತ ಹರಿಯುತ್ತದೆ. ಪಕ್ಕದಲ್ಲಿ ನಿಂತು "ವೈರ್ ಎಲ್ಲಿ?" ಎಂದು ಕೇಳುವ ಇನ್ನೊಬ್ಬರಿದ್ದರೆ ಸಾಕು. ಆದರೆ ಒಂದು ನೋಡು, ಒಂದು ಮಾಡು, ಒಂದು ಕಲಿಸು ಎಂಬುದು ನಮ್ಮ ವೃತ್ತಿಯ ಹಳೆಯ ಮಂತ್ರ. ಮಂತ್ರ ಹೇಳಿಕೊಡುವ ಇನ್ನೊಬ್ಬರು ಒಪಿಡಿಯಲ್ಲಿರುತ್ತಾರೆ.

ಡ್ಯೂಟಿ ಒಪ್ಪಿಸುವುದರ ಬಗ್ಗೆ ಹೆಚ್ಚೇನು ಹೇಳುವುದು. "ಎಲ್ಲ ಸ್ಟೇಬಲ್, ಹನ್ನೆರಡನ್ನ ಒಂಚೂರು ನೋಡ್ಕೊ." ತೀರಾ ಕಾಯಿಲೆಯವರಿಂದ ಶುರುಮಾಡಿ, ಹೀಗಾದರೆ ಹೀಗೆ ಮಾಡು ಎಂದು ಹೇಳಿ, ಕೇಳಿದವರಿಂದ ತಿರುಗಿ ಹೇಳಿಸಬೇಕು. ಐ-ಪಾಸ್ ಎಂಬ ಈ ಕ್ರಮವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ತಪ್ಪುಗಳು ಶೇ. 23ರಷ್ಟು ಇಳಿದವೆಂದು 2014ರಲ್ಲಿ ಪ್ರಕಟವಾಯಿತು. ಒಪ್ಪಿಸುವ ಸಮಯ ಮಾತ್ರ ಗಮನಾರ್ಹವಾಗಿ ಹೆಚ್ಚಲಿಲ್ಲ. ಆದರೂ ಪುರುಸೊತ್ತಿಲ್ಲ.

ಇಷ್ಟು ಹೇಳಿದರೆ ಹಿರಿಯರು, "ನಮ್ಮ ಕಾಲದಲ್ಲಿ ಮೂವತ್ತಾರು ಗಂಟೆ ನಿಂತೇ ಇರುತ್ತಿದ್ದೆವು" ಎನ್ನುತ್ತಾರೆ. ನಿಂತದ್ದು ನಿಜ. ಈ ನಿಲ್ಲುವ ಪರಂಪರೆಗೆ ಮೂಲಪುರುಷರು 19ನೇ ಶತಮಾನದ ಕೊನೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ರೂಪಿಸಿದ ವಿಲಿಯಂ ಹಾಲ್‌ಸ್ಟೆಡ್. ಶಿಷ್ಯರು ಆಸ್ಪತ್ರೆಯಲ್ಲೇ ವಾಸವಿರಬೇಕಿತ್ತು, ರೆಸಿಡೆಂಟ್ ಎಂಬ ಮಾತಿನ ಅರ್ಥವೇ ಅದು. ಹಾಲ್‌ಸ್ಟೆಡ್ ಪ್ರತಿಭಾವಂತರು. ಕೊಕೇನ್ ಅರಿವಳಿಕೆಯಾಗಿ ಕೆಲಸ ಮಾಡುತ್ತದೆಯೇ ಎಂದು ತಮ್ಮ ಮೇಲೇ ಪ್ರಯೋಗಿಸಿಕೊಂಡು ಅದರ ಚಟಕ್ಕೆ ಬಿದ್ದು, ಬಿಡಿಸಲು ಕೊಟ್ಟ ಮಾರ್ಫಿನ್‌ಗೂ ದಾಸರಾಗಿದ್ದರು ಎಂಬುದು ಅಡಿಟಿಪ್ಪಣಿ. ಪರಂಪರೆಯನ್ನು ಉಳಿಸಿಕೊಂಡೆವು, ಅಡಿಟಿಪ್ಪಣಿಯನ್ನು ಬಿಟ್ಟೆವು. ಇಪ್ಪತ್ನಾಲ್ಕು ಗಂಟೆ ಎದ್ದಿರುವವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಸುಮಾರು 0.10 ಶೇಕಡ ಮದ್ಯವಿರುವವರಷ್ಟೇ ಎಂದು 1997ರಲ್ಲಿ ಅಳೆದು ತೋರಿಸಿದರು. ಅಷ್ಟು ಕುಡಿದು ಬಂದವರನ್ನು ಸೆಕ್ಯುರಿಟಿಯವರು ಗೇಟಿನಲ್ಲೇ ತಡೆಯುತ್ತಾರೆ. ಅಷ್ಟು ಎದ್ದಿದ್ದವರಿಗೆ ಇನ್ನೂ ಎರಡು ಅಡ್ಮಿಷನ್ ಕೊಡುತ್ತಾರೆ.

1984ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ 18 ವರ್ಷದ ಯುವತಿ ತೀರಿಕೊಂಡಳು. ಆಕೆ ಖಿನ್ನತೆಗೆ ತೆಗೆದುಕೊಳ್ಳುತ್ತಿದ್ದ ಫೆನೆಲ್ಜಿನ್ ಮಾತ್ರೆಯ ಜೊತೆ ಕೊಡಬಾರದ ಪೆಥಿಡಿನ್ ಎಂಬ ನೋವುನಿವಾರಕ ಕೊಡಲಾಗಿತ್ತು. ನೋಡಿಕೊಳ್ಳುತ್ತಿದ್ದವರು ತರಬೇತಿಯಲ್ಲಿದ್ದ ವೈದ್ಯರು, ಹಿರಿಯ ವೈದ್ಯರು ಫೋನಿನಲ್ಲಿದ್ದರು. 1989ರಲ್ಲಿ ಆ ರಾಜ್ಯ ನಿಯಮ ಮಾಡಿತು: ವಾರಕ್ಕೆ 80 ಗಂಟೆ, ಸತತ 24 ಗಂಟೆಯ ಮಿತಿ, ಜೊತೆಗೆ ಹಿರಿಯರ ಮೇಲ್ವಿಚಾರಣೆ. ಶಿಫಾರಸು ಕೊಟ್ಟ ಸಮಿತಿಯ ಮುಖ್ಯಸ್ಥ ಬರ್ಟ್ರಾಂಡ್ ಬೆಲ್, ಗಂಟೆಗಿಂತ ಮೇಲ್ವಿಚಾರಣೆಯೇ ಮುಖ್ಯ ಎಂದು ಆಮೇಲೂ ಬರೆದರು. ಜಗತ್ತು ಗಂಟೆಯ ಬಗ್ಗೆ ಜಗಳವಾಡುತ್ತ ಕುಳಿತಿತು. ಗಂಟೆ ಎಣಿಸಲು ರಿಜಿಸ್ಟರ್ ಸಾಕು, ಮೇಲ್ವಿಚಾರಣೆಗೆ ಮನುಷ್ಯ ಹಾಸಿಗೆ ಬಿಟ್ಟು ಏಳಬೇಕು.

ಹಾಗಂತ ಆಸ್ಪತ್ರೆ ಕೈಕಟ್ಟಿ ಕುಳಿತಿಲ್ಲ. ಕ್ಷೇಮ ಸಮಿತಿ ಇದೆ. ಬಳಲಿದ ಕಿರಿಯ ವೈದ್ಯರಿಗೆ ಮನೋಸ್ಥೈರ್ಯ ಕಾರ್ಯಾಗಾರ, ಹಾಜರಿ ಕಡ್ಡಾಯ, ಸಮಯ ಬೆಳಿಗ್ಗೆ ಹನ್ನೊಂದು. ರಾತ್ರಿ ಡ್ಯೂಟಿ ಮುಗಿಸಿದವರು ನಿದ್ದೆಗೆ ಹೋಗದೆ ನಿದ್ದೆಯ ಮಹತ್ವದ ಮೇಲಿನ ಸ್ಲೈಡುಗಳನ್ನು ನೋಡುತ್ತಾರೆ. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುತ್ತಾರೆ ತರಬೇತುದಾರರು. ಆ ಸಭಾಂಗಣದಲ್ಲಿ ಮಾತ್ರ ಉಸಿರನ್ನು ಸರಿಯಾಗಿ ಎಣಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದಕ್ಕೆ ಈಗ ಪ್ರಮಾಣಪತ್ರವೂ ಸಿಗುತ್ತದೆ. ಅದೇ ಒಂದು ಗಂಟೆಯಲ್ಲಿ, ಮೊದಲ ಸಲ ರೋಗಿಯ ಸಾವು ಕಂಡವರ ಜೊತೆ ಹತ್ತು ನಿಮಿಷ ಕುಳಿತು "ಏನಾಯ್ತು, ಏನು ಸರಿಹೋಯ್ತು, ನೀನು ಹೇಗಿದ್ದೀಯ" ಎಂದು ಆರು ಜನರನ್ನು ಕೇಳಬಹುದಿತ್ತು. ಅದಕ್ಕೆ ಪ್ರೊಜೆಕ್ಟರ್ ಬೇಡ, ಹಾಗಾಗಿ ಬಜೆಟ್ಟಿನಲ್ಲಿ ಜಾಗವಿಲ್ಲ.

ಕೊನೆಗೊಂದು ದಿನ ತಪ್ಪಾಗುತ್ತದೆ. ಇನ್ಸುಲಿನ್ 10 ಯೂನಿಟ್ ಎಂಬುದನ್ನು ಅವಸರದಲ್ಲಿ ಅಂಕಿಯ ಪಕ್ಕ ಇಂಗ್ಲಿಷಿನ ಯು ಅಕ್ಷರ ಅಂಟಿಸಿ ಬರೆದಿದ್ದರು, ಬಾಯಿ ಮುಚ್ಚಿದ ಯು ಸೊನ್ನೆಯಾಗಿ ಕಂಡಿತು, ನೂರಾಯಿತು. ಯೂನಿಟ್ ಎಂದು ಪೂರ್ತಿ ಬರೆದಿದ್ದರೆ, ಇನ್ಸುಲಿನ್ ಸಿರಿಂಜಿನಲ್ಲೇ ಎಳೆದು ಇನ್ನೊಬ್ಬರಿಗೆ ತೋರಿಸಿದ್ದರೆ ಆಗುತ್ತಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಐದು ಜನರ ಸಮಿತಿ ಕೂರುತ್ತದೆ. ಬರೆದವರು ಯಾರು ಎಂದು ಮೊದಲ ಐದು ನಿಮಿಷದಲ್ಲಿ ಪತ್ತೆಯಾಗುತ್ತದೆ. ಆಗ ಅವರು ಎಷ್ಟು ಗಂಟೆಯಿಂದ ಎದ್ದಿದ್ದರು, ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು, ಕೇಳಲು ಯಾರಿದ್ದರು ಎಂಬ ಕಾಲಂ ವರದಿಯ ನಮೂನೆಯಲ್ಲಿಲ್ಲ.

ಶಿಫಾರಸು ಒಮ್ಮತದ್ದು. ಪ್ರತಿ ವಾರ್ಡಿನಲ್ಲೂ ಎರಡಡಿ ಎತ್ತರದ ಲ್ಯಾಮಿನೇಟ್ ಮಾಡಿದ ಬೋರ್ಡು: "ಅನುಮಾನವೇ? ಯಾವಾಗ ಬೇಕಾದರೂ ಫೋನ್ ಮಾಡಿ." ಈ ಸಲ ನಂಬರನ್ನೂ ಹಾಕಿದ್ದಾರೆ. ವಿಭಾಗದ ಕಚೇರಿಯ ಲ್ಯಾಂಡ್‌ಲೈನ್. ಸಂಜೆ ಐದಕ್ಕೆ ಕ್ಲರ್ಕು ಬೀಗ ಹಾಕಿಕೊಂಡು ಹೋದ ಮೇಲೆ ಅದು ಖಾಲಿ ಕೋಣೆಯಲ್ಲಿ ಬಹಳ ಹೊತ್ತು ರಿಂಗಾಗುತ್ತದೆ.