ಹುಟ್ಟದ ಮನೆಯ ಜಾತಕ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಾನಿರುವ ಮನೆ ಕಟ್ಟಿ ಮುಗಿದದ್ದು 2021ರಲ್ಲಿ. ಅದಕ್ಕೆ ಕಂದಾಯ ಬೀಳುತ್ತಿರುವುದು ಮಾತ್ರ 2016ರ ಜನವರಿ 1ರಂದು ಅದು ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬ ಲೆಕ್ಕದ ಮೇಲೆ. ಆ ದಿನ ಇಲ್ಲಿ ಜೋಳದ ಹೊಲವಿತ್ತೆಂದು ಹಳಬರು ಹೇಳುತ್ತಾರೆ. ನಾನಾದರೋ ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯ ಮುಂದೆ ನೀರಿನ ಟ್ಯಾಂಕರಿಗೆ ಕಾಯುತ್ತಿದ್ದೆ, ಪಾಸ್‌ಪೋರ್ಟನ್ನೂ ಮಾಡಿಸಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಕಡೆ ನಗುತ್ತಾರೆ. ಇಲ್ಲಿ ಕೂಸು ಹುಟ್ಟಿ, ಅಂಬೆಗಾಲಿಟ್ಟು, ಓಡಾಡತೊಡಗಿದ ಮೇಲೆ, ಹುಟ್ಟುವುದಕ್ಕೆ ಐದು ವರ್ಷ ಮೊದಲು ಅದರ ತಲೆ ಎಷ್ಟು ದಪ್ಪವಿರುತ್ತಿತ್ತೆಂದು ಗುಣಿಸಿ ಆ ಅಳತೆಗೆ ಕುಲಾವಿ ಹೊಲಿಯುತ್ತಾರೆ. ನಗುವವರು ಯಾರೂ ಇಲ್ಲ.

ಆ ದಿನದ ಮಹಿಮೆಯೇ ಬೇರೆ. ಅದು ಶುಕ್ರವಾರ, ಲಕ್ಷ್ಮಿಯ ವಾರ. ಜೊತೆಗೆ ಹೊಸ ವರ್ಷದ ರಜೆ. ಸರ್ಕಾರಿ ಕಚೇರಿಗಳೆಲ್ಲ ಬೀಗ ಹಾಕಿಕೊಂಡಿದ್ದ ಆ ಒಂದು ದಿನದ ಬೆಲೆ ಪ್ರಾಂತ್ಯದ ಐವತ್ತು ಲಕ್ಷಕ್ಕೂ ಮಿಕ್ಕ ಆಸ್ತಿಗಳಿಗೆ ಅಂಟಿಕೊಂಡಿದೆ. ಬೆಲೆ ಕಟ್ಟುವುದು ಇಲ್ಲಿ ನಗರಸಭೆಯ ಕೆಲಸವಲ್ಲ. ಅದಕ್ಕೆಂದೇ ಮುನ್ಸಿಪಲ್ ಪ್ರಾಪರ್ಟಿ ಅಸೆಸ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯಿದ್ದು, ಜನ ಅದನ್ನು ಎಂಪ್ಯಾಕ್ ಎನ್ನುತ್ತಾರೆ. ಪದ್ಧತಿಯ ಪ್ರಕಾರ ನಾಲ್ಕು ವರ್ಷಕ್ಕೊಮ್ಮೆ ಬೆಲೆಯನ್ನು ಹೊಸದಾಗಿ ಕಟ್ಟಬೇಕು. 2016ರ ಬೆಲೆ 2017ರಿಂದ 2020ರ ತನಕ ನಡೆಯಬೇಕಿತ್ತು, ನಡೆಯಿತು. ಅಷ್ಟರಲ್ಲಿ ಕೊರೊನಾ ಬಂದು ಪ್ರಾಂತ್ಯ ಸರ್ಕಾರ ಮರುಮೌಲ್ಯಮಾಪನವನ್ನು ಮುಂದೂಡಿತು. ಕೊರೊನಾ ಹೋಯಿತು, ಮುಂದೂಡಿಕೆ ಉಳಿಯಿತು. 2023ರಲ್ಲಿ ಇಡೀ ಪದ್ಧತಿಯನ್ನೇ ಪರಿಶೀಲಿಸುತ್ತೇವೆಂದು ಹೇಳಿ ಮತ್ತಷ್ಟು ಮುಂದೂಡಿದರು. 2025ರ ಬಿಲ್ಲಿನಲ್ಲೂ ಅದೇ ಶುಕ್ರವಾರ. ನಾವು ಮಾಸ್ಕು ಬಿಚ್ಚಿ ಕಸಕ್ಕೆಸೆದು ವರ್ಷಗಳಾದವು. ಒಂಟಾರಿಯೊದ ಮನೆಗಳು ಮಾತ್ರ ಇನ್ನೂ ಕ್ವಾರಂಟೈನಿನಲ್ಲಿವೆ.

ಮೊದಲ ಬಿಲ್ಲು ಕೈಗೆ ಬಂದ ಸಂಜೆಯನ್ನು ಮರೆಯುವ ಹಾಗಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನಕಾಯಿಯ ಜಾಡಿಯನ್ನು ಸರಿಸಿ ಅದನ್ನು ಹರಡಿಕೊಂಡು ಗಂಡ ಹೆಂಡತಿ ಇಬ್ಬರೂ ಕುಳಿತೆವು. ತಲೆಯ ಮೇಲೆ 19 ಅಂಕಿಯ ಒಂದು ಸಂಖ್ಯೆ. ಅದು ಮನೆಯ ರೋಲ್ ನಂಬರಂತೆ. ಭಾರತದಲ್ಲಿ ಒಂದು ಜೀವವನ್ನು ಗುರುತಿಸಲು ಆಧಾರಿನ 12 ಅಂಕಿ ಸಾಕಾಗಿತ್ತು. ಕೆಳಗೆ ಮೂರು ಕಂಬಸಾಲು: ಊರಿಗೊಂದು ದರ, ಊರಿನ ಮೇಲಿನ ಜಿಲ್ಲಾಡಳಿತಕ್ಕೊಂದು ದರ, ಶಿಕ್ಷಣಕ್ಕೊಂದು ದರ. ಅಷ್ಟನ್ನೂ ಓದಿ ಮುಗಿಸಿದ ಮೇಲೆ ಗೊತ್ತಾದದ್ದೇನೆಂದರೆ ಇದು ಮಧ್ಯಂತರ ಬಿಲ್ಲು. ಈ ವರ್ಷದ ದರ ಇನ್ನೂ ನಿಶ್ಚಯವಾಗಿಲ್ಲವಾದ್ದರಿಂದ ಹೋದ ವರ್ಷದ ತೆರಿಗೆಯ ಅರ್ಧವನ್ನು ಸದ್ಯಕ್ಕೆ ಕಟ್ಟತಕ್ಕದ್ದು. ಎಲೆಯ ಮುಂದೆ ಕುಳ್ಳಿರಿಸಿ, ಅನ್ನ ಸಾರು ಬಡಿಸಿ, ಅರ್ಧ ಊಟದ ದುಡ್ಡು ವಸೂಲು ಮಾಡಿಕೊಂಡು, ಆಮೇಲೆ ಅಡುಗೆ ಏನೇನೆಂದು ಮಾಣಿ ಒಳಗೆ ಕೇಳಿಬರಲು ಹೋದ ಹಾಗಿತ್ತು. ತಡಮಾಡಿದರೆ ತಿಂಗಳಿಗೆ ಶೇ. 1.25ರಷ್ಟು ದಂಡವೆಂಬುದನ್ನು ಮಾತ್ರ ಒಳಗೆ ಹೋಗಿ ಕೇಳಬೇಕಾಗಿರಲಿಲ್ಲ. ಅದು ದಪ್ಪಕ್ಷರದಲ್ಲೇ ಇತ್ತು.

ಬೆಂಗಳೂರಿನಿಂದ ಬಂದವರಿಗೆ ಇಲ್ಲಿ ಮೊದಲು ಕಾಡುವುದು ನಿರುದ್ಯೋಗ. ಅಲ್ಲಿ 2000ನೇ ಇಸವಿಯಲ್ಲಿ ಸ್ವಯಂ ಘೋಷಿತ ತೆರಿಗೆ ಬಂದಾಗಿನಿಂದ ನಮ್ಮ ಮನೆಯನ್ನು ನಾವೇ ಅಳೆದು, ನಮ್ಮ ವಲಯವನ್ನು ನಾವೇ ಹುಡುಕಿ, ಲೆಕ್ಕವನ್ನು ನಾವೇ ಹಾಕಿ, ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿ ಶೇ. 5ರ ರಿಯಾಯಿತಿ ಗಿಟ್ಟಿಸಿಕೊಂಡು ಯುದ್ಧ ಗೆದ್ದವರ ಹಾಗೆ ರಸೀದಿಯನ್ನು ಬೀರುವಿನೊಳಗೆ ಇಡುತ್ತಿದ್ದೆವು. ಅಳೆಯುವವರು ನಾವೇ ಆದ್ದರಿಂದ ಟೇಪು ಸ್ವಲ್ಪ ಸಂಕೋಚದ ಸ್ವಭಾವದ್ದಾಗಿರುತ್ತಿತ್ತು. ಹದಿನಾಲ್ಕು ಚದರದ ಮನೆ ಟೇಪಿನ ಕಣ್ಣಿಗೆ ಹನ್ನೆರಡಾಗಿ ಕಾಣುತ್ತಿತ್ತು. ಇಲ್ಲಿ ಟೇಪು ಅವರ ಕೈಯಲ್ಲಿದೆ, ರಿಯಾಯಿತಿ ಯಾರ ಕೈಯಲ್ಲೂ ಇಲ್ಲ. ಹಾಗೆಂದು ಖಾತೆಯನ್ನು ಎ ಮತ್ತು ಬಿ ಎಂದು ವಿಂಗಡಿಸಿ, ಎರಡರಿಂದಲೂ ತೆರಿಗೆ ಪಡೆದು, ಬಿ ಯವರನ್ನು ಮಾತ್ರ ಪಂಕ್ತಿಯಿಂದ ದೂರವಿಟ್ಟಿದ್ದ ನಗರದವನಾದ ನಾನು ಇಲ್ಲಿನವರ ವ್ಯವಸ್ಥೆಯನ್ನು ಹೀಯಾಳಿಸುವ ಅರ್ಹತೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇನೆಂಬುದು ಬೇರೆ ಪ್ರಶ್ನೆ.

ನನಗಿಂತ ಹತ್ತು ವರ್ಷ ಮೊದಲು ಬಂದ ಮಂಡ್ಯದ ಹಿರಿಯರೊಬ್ಬರು ನನ್ನ ಬಿಲ್ಲನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿ, ‘ಇದು ತೆರಿಗೆಯಲ್ಲಪ್ಪ, ವಂತಿಗೆ’ ಎಂದರು. ಆ ಒಂದು ಮಾತಿನಲ್ಲಿ ಇದ್ದಷ್ಟು ತಿಳಿವಳಿಕೆ ನನಗೆ ಯಾವ ಸರ್ಕಾರಿ ಕೈಪಿಡಿಯಲ್ಲೂ ಸಿಗಲಿಲ್ಲ. ಹಳ್ಳಿಯಲ್ಲಿ ಮಾರಮ್ಮನ ಹಬ್ಬಕ್ಕೆ ಮೊದಲು ಯಜಮಾನರು ಅರಳಿಕಟ್ಟೆಯಲ್ಲಿ ಕೂತು ಖರ್ಚೆಷ್ಟೆಂದು ತೀರ್ಮಾನಿಸುತ್ತಾರೆ. ಆಮೇಲೆ ಯಾವ ಮನೆಗೆ ಎಷ್ಟು ಎಂದು ಹಂಚುತ್ತಾರೆ. ಒಂಟಾರಿಯೊದಲ್ಲೂ ಕ್ರಮ ಅದೇ. ನಗರಸಭೆ ಮೊದಲು ಬಜೆಟ್ಟನ್ನು ಒಪ್ಪಿಕೊಂಡು, ತೆರಿಗೆಯಿಂದ ಬರಬೇಕಾದ ಮೊತ್ತವನ್ನು ಊರಿನ ಆಸ್ತಿಗಳ ಒಟ್ಟು ಬೆಲೆಯಿಂದ ಭಾಗಿಸಿ ದರವನ್ನು ಹುಟ್ಟಿಸುತ್ತದೆ. ಶಿಕ್ಷಣದ ದರವೊಂದನ್ನು ಪ್ರಾಂತ್ಯ ಸರ್ಕಾರವೇ ನಿಗದಿ ಮಾಡುತ್ತದೆ. ವಾಸದ ಮನೆಗಳಿಗೆ ಅದು ಶೇ. 0.153. ಆದ್ದರಿಂದ ಎಲ್ಲರ ಮನೆಯ ಬೆಲೆಯೂ ಒಂದೇ ಸಮನೆ ಎರಡು ಪಟ್ಟಾದರೆ ಊರಿನ ದರ ಅರ್ಧವಾಗುತ್ತದೆ, ವಂತಿಗೆ ಇದ್ದಷ್ಟೇ ಇರುತ್ತದೆ. ಬೆಲೆಗೆ ಇರುವ ಕೆಲಸವೆಂದರೆ ಯಾರ ಪಾಲು ಎಷ್ಟೆಂದು ತೋರಿಸುವುದು. ಆ ಒಂದೇ ಕೆಲಸವನ್ನು ಅದು 2016ರಿಂದ ನಿಲ್ಲಿಸಿದೆ. ಅಂದಿನಿಂದ ಬೆಲೆಯಲ್ಲಿ ಮೂರು ಅಂತಸ್ತು ಏರಿದ ಬಡಾವಣೆಯೂ ಇದ್ದಲ್ಲೇ ಇರುವ ಬಡಾವಣೆಯೂ ಹಳೆಯ ಪಾಲನ್ನೇ ಕೊಡುತ್ತಿವೆ. ಎಂದರೆ, ಬೆಲೆ ನಿಧಾನವಾಗಿ ಏರಿದ ಮನೆಯವನು ಬೆಲೆ ಹಾರಿದ ಮನೆಯವನ ಪರವಾಗಿಯೂ ಒಂದಷ್ಟು ಕೋಣದ ಖರ್ಚನ್ನು ಭರಿಸುತ್ತಿದ್ದಾನೆ. ಹಾರಿದ ಮನೆಯವನು ಈ ವಿಷಯದಲ್ಲಿ ಸಭೆ ಕರೆಯಬೇಕೆಂದು ಒತ್ತಾಯಿಸಿದ್ದನ್ನು ನಾನು ಕಂಡಿಲ್ಲ.

ಬೆಲೆ ನಿದ್ದೆಹೋದ ಮಾತ್ರಕ್ಕೆ ತೆರಿಗೆಯೂ ಮಲಗಿದೆಯೆಂದು ತಿಳಿಯಬಾರದು. 2024ರಲ್ಲಿ ಟೊರಾಂಟೊ ನಗರ ವಾಸದ ಮನೆಗಳ ತೆರಿಗೆಯನ್ನು ಶೇ. 9.5ರಷ್ಟು, 2025ರಲ್ಲಿ ಶೇ. 6.9ರಷ್ಟು ಏರಿಸಿತು. ಮನೆಯ ಬೆಲೆ ಒಂದು ಡಾಲರೂ ಏರದೆ ಅದರ ತೆರಿಗೆ ಏರುವುದನ್ನು ಹೊಸಬರಿಗೆ ವಿವರಿಸುವ ಹೊತ್ತಿಗೆ ಕಾಫಿ ಆರಿರುತ್ತದೆ. ಆ ನಗರದಲ್ಲಿ ಸರಾಸರಿ ಮನೆಯ ಬೆಲೆ ತೆರಿಗೆಯ ಪುಸ್ತಕದಲ್ಲಿ ಸುಮಾರು 6 ಲಕ್ಷ 92 ಸಾವಿರ ಡಾಲರು. ಅಷ್ಟಕ್ಕೆ ಒಂದು ಸಾಧಾರಣ ಬಿಡಿ ಮನೆ ಕೊಡಿಸಿರೆಂದು ದಲ್ಲಾಳಿಯನ್ನು ಕೇಳಿದರೆ ಆತ ನಿಮ್ಮ ಆರೋಗ್ಯ ವಿಚಾರಿಸುತ್ತಾನೆ. ಹೀಗಾಗಿ ಒಂದೇ ಮನೆಗೆ ಎರಡು ಬೆಲೆ, ಎರಡೂ ಅಧಿಕೃತ. ಮಾರುವಾಗ ಅರಮನೆ, ಕಂದಾಯ ಕಟ್ಟುವಾಗ ಗುಡಿಸಲು ಎಂಬ ಕಲೆ ನಮ್ಮ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಮಾತ್ರ ಅರಳಿತೆಂದು ಹೆಮ್ಮೆ ಪಡುತ್ತಿದ್ದವನು ನಾನು. ಇಲ್ಲಿ ಅದನ್ನು ಸರ್ಕಾರವೇ, ಲಂಚವಿಲ್ಲದೆ, ಸಮಸ್ತರಿಗೂ ಉಚಿತವಾಗಿ ಮಾಡಿಕೊಟ್ಟಿದೆ.

ಇದಾದ ಮೇಲೆ ಶಾಲೆಯ ಪ್ರಶ್ನೆ. ನಿಮ್ಮ ಶಿಕ್ಷಣ ತೆರಿಗೆ ಯಾವ ಶಾಲಾ ಮಂಡಳಿಯ ಬೆಂಬಲಕ್ಕೆ ಎಂದು ಕೇಳುತ್ತಾರೆ: ಇಂಗ್ಲಿಷ್ ಸಾರ್ವಜನಿಕವೋ, ಇಂಗ್ಲಿಷ್ ಕ್ಯಾಥೊಲಿಕ್ಕೋ, ಫ್ರೆಂಚ್ ಸಾರ್ವಜನಿಕವೋ, ಫ್ರೆಂಚ್ ಕ್ಯಾಥೊಲಿಕ್ಕೋ. ಇದರಲ್ಲಿ ಕ್ಯಾಥೊಲಿಕ್ ಶಾಲೆಗಳದ್ದು 1867ರ ಸಂವಿಧಾನದ ಕಾಲದಿಂದ ಬಂದ ಹಕ್ಕು. ಮನೆ ಕಂದಾಯದ ಕಾಗದ ನಮ್ಮ ಮತವನ್ನೂ ಮಾತೃಭಾಷೆಯನ್ನೂ ವಿಚಾರಿಸಿದ್ದು ಕಂಡು ಹೆಂಡತಿ ಗಾಬರಿಯಾಗಿ ಊರಿಗೆ ಫೋನು ಮಾಡುವುದರಲ್ಲಿದ್ದಳು. ನಾಲ್ಕು ರಾತ್ರಿ ಚರ್ಚಿಸಿದೆವು. ಕ್ಯಾಥೊಲಿಕ್ ಮಂಡಳಿಯನ್ನು ಕ್ಯಾಥೊಲಿಕರಷ್ಟೇ ಬೆಂಬಲಿಸಬಹುದು, ಫ್ರೆಂಚ್ ಮಂಡಳಿಗೆ ಫ್ರೆಂಚಿನ ಹಕ್ಕಿರಬೇಕು ಎಂದು ತಿಳಿದಾಗ ನಮಗೆ ಉಳಿದದ್ದು ಇಂಗ್ಲಿಷ್ ಸಾರ್ವಜನಿಕವೊಂದೇ. ಏನನ್ನೂ ಗುರುತು ಮಾಡದೆ ಬಿಟ್ಟಿದ್ದರೂ ಅವರು ಅಲ್ಲಿಗೇ ಹಾಕಿಕೊಳ್ಳುತ್ತಿದ್ದರಂತೆ. ಇಷ್ಟಾಗಿ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ದರ ಒಂದೇ, ಬಿಲ್ಲು ಒಂದೇ. ಶಾಲೆಗಳಿಗೆ ದುಡ್ಡು ಹಂಚುವುದು ಪ್ರಾಂತ್ಯ ಸರ್ಕಾರ, ಅದೂ ಮಕ್ಕಳ ತಲೆ ಎಣಿಸಿ. ಬದಲಾಗುವುದು ಶಾಲಾ ಮಂಡಳಿಯ ಚುನಾವಣೆಯಲ್ಲಿ ಯಾವ ಮಂಡಳಿಗೆ ಓಟು ಹಾಕಬೇಕು ಎಂಬುದೊಂದೇ, ಮತ್ತು ಆಗ ನನಗೆ ಇಲ್ಲಿ ಓಟೇ ಇರಲಿಲ್ಲ.

ಮೊದಲೆರಡು ವರ್ಷ ನಮ್ಮ ಬಿಲ್ಲು ಕೆಲವೇ ನೂರು ಡಾಲರಿನದಾಗಿತ್ತು. ಇದೆಂಥ ಧರ್ಮರಾಜ್ಯವೆಂದು ನಾನು ಬೆಂಗಳೂರಿನ ಗೆಳೆಯರಿಗೆಲ್ಲ ಹೇಳಿಕೊಂಡು ಬಂದೆ. ಒಬ್ಬನಂತೂ ವಲಸೆಯ ಅರ್ಜಿ ಫಾರಂ ಕೇಳಿದ. ಮೂರನೆಯ ವರ್ಷ ದಪ್ಪನೆಯ ಲಕೋಟೆಯೊಂದು ಬಂತು. ಅಲ್ಲಿಯ ತನಕ ನಾನು ಕಟ್ಟಿದ್ದು ಬರಿಯ ಮಣ್ಣಿನ ಕಂದಾಯವಂತೆ. ಮಣ್ಣಿನ ಮೇಲೆ ಮನೆಯಿರುವುದು, ಅದರಲ್ಲಿ ನಾವಿರುವುದು, ದಾಖಲೆಗೆ ಈಗಷ್ಟೇ ತಿಳಿಯಿತು. ಇಂಥ ಸಂದರ್ಭದಲ್ಲಿ ನಡೆಯುತ್ತಿರುವ ವರ್ಷದ ಜೊತೆಗೆ ಹಿಂದಿನ ಎರಡು ವರ್ಷಗಳದ್ದನ್ನೂ ಕೂಡಿಸಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ, ಕೇಳಿದ್ದರು; ಮೊತ್ತ ಐದಂಕಿ ಮುಟ್ಟಿತ್ತು. ಇದರ ಹೆಸರು ‘ಬಿಟ್ಟುಹೋದ’ ತೆರಿಗೆ. ಬಿಟ್ಟವರು ಅವರು, ಹಿಡಿಯಲ್ಪಟ್ಟವನು ನಾನು. ನೋಂದಣಿಯ ದಿನ ವಕೀಲರು ಒಂದಿಷ್ಟು ಹಣ ತೆಗೆದಿಟ್ಟುಕೊಳ್ಳಿ ಎಂದದ್ದು ನಿಜ. ಆ ದಿನ ಅವರು ಹೇಳಿದ ನಲವತ್ತು ಮಾತುಗಳಲ್ಲಿ ಮೂವತ್ತೊಂಬತ್ತನ್ನು ನಾನು ತಪ್ಪದೆ ಪಾಲಿಸಿದ್ದೇನೆ. ಐದು ವರ್ಷ ಹಿಂದಕ್ಕೆ ಹೋಗಿ ಹುಟ್ಟದ ಮನೆಗೆ ಬೆಲೆ ಕಟ್ಟಬಲ್ಲವರಿಗೆ, ಎದುರಿಗೆ ದೀಪ ಹಚ್ಚಿಕೊಂಡು ನಿಂತ ಮನೆ ಕಾಣಿಸಲು ಎರಡು ವರ್ಷ ಏಕೆ ಬೇಕಾಯಿತೆಂದು ಕೇಳೋಣವೆನಿಸಿತು. ಕೇಳಲಿಲ್ಲ, ದಂಡ ತಿಂಗಳ ಲೆಕ್ಕದ್ದು.

ಟೊರಾಂಟೊ ನಗರದೊಳಗೆ ಇರುವವರ ಪಾಡು ಇನ್ನೂ ಒಂದು ಕೈ ಮೇಲು. ಅಲ್ಲಿ 2022ರ ಲೆಕ್ಕದಿಂದ ಖಾಲಿ ಮನೆಗಳ ಮೇಲೆ ತೆರಿಗೆಯಿದೆ; ಮನೆಗಳಿಗೆ ಬರಗಾಲವಿರುವ ನಗರದಲ್ಲಿ ಮನೆಯನ್ನು ಖಾಲಿ ಬಿಡುವವರಿಗೆ ತೆರಿಗೆ ಹಾಕುವುದು ನ್ಯಾಯವೇ. ಆದರೆ ಖಾಲಿ ಯಾವುದೆಂದು ಕಂಡುಹಿಡಿಯುವ ಬಗೆ ಹೀಗಿದೆ: ಪ್ರತಿಯೊಬ್ಬ ಮನೆಯೊಡೆಯನೂ ಪ್ರತಿವರ್ಷ ‘ನಾನು ನನ್ನ ಮನೆಯಲ್ಲಿದ್ದೇನೆ’ ಎಂದು ಘೋಷಿಸಬೇಕು. ಘೋಷಿಸದ ಮನೆಯನ್ನು ಖಾಲಿಯೆಂದೇ ಭಾವಿಸಲಾಗುತ್ತದೆ. ನಮ್ಮಲ್ಲಿ ನಿವೃತ್ತ ಮೇಷ್ಟ್ರುಗಳು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿರುವುದಾಗಿ ಜೀವನ ಪ್ರಮಾಣಪತ್ರ ಕೊಡುತ್ತಾರಲ್ಲ, ಇದು ಮನೆಯ ಜೀವನ ಪ್ರಮಾಣಪತ್ರ. 2024ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ಘೋಷಣೆ ನಗರಕ್ಕೆ ಸಿಕ್ಕಿರಲಿಲ್ಲವಾಗಿ, ಅವರಿಗೆಲ್ಲ ಮನೆಬೆಲೆಯ ಶೇ. 1ರಷ್ಟು ಖಾಲಿ ತೆರಿಗೆಯ ಬಿಲ್ಲು ಹೋಯಿತು. ಸರಾಸರಿ ಮನೆಗೆ ಅದು ಸುಮಾರು 6,900 ಡಾಲರು. ‘ಈ ಮನೆಯಲ್ಲಿ ಯಾರೂ ಇಲ್ಲ’ ಎಂಬ ಕಾಗದವನ್ನು ಆ ಮನೆಯಲ್ಲಿದ್ದವರು ಬಾಗಿಲು ತೆರೆದು, ಟಪಾಲು ಪೆಟ್ಟಿಗೆಯಿಂದ ತೆಗೆದು, ಒಳಗೆ ಬಂದು ಓದಿಕೊಂಡರು. ಪತ್ರಿಕೆಗಳಲ್ಲಿ ಗದ್ದಲವಾಯಿತು, ಮೇಯರ್ ಒಲಿವಿಯಾ ಚೌ ಅವರೇ ತಪ್ಪೊಪ್ಪಿಕೊಂಡರು, ಅಲ್ಲಿ ವಾಸವಿದ್ದೇವೆಂದು ಮನವಿ ಸಲ್ಲಿಸಿದವರಿಗೆ ಬಿಲ್ಲು ರದ್ದಾಗತೊಡಗಿತು. ಆ ವರ್ಷದ ಲೆಕ್ಕದಿಂದ ಈ ತೆರಿಗೆಯನ್ನು ಶೇ. 3ಕ್ಕೆ ಏರಿಸಲಾಗಿದೆ. ನಮ್ಮ ಊರಿಗೆ ಅದಿನ್ನೂ ಬಂದಿಲ್ಲ. ಒಟ್ಟಾವಾಕ್ಕೂ ಹ್ಯಾಮಿಲ್ಟನ್ನಿಗೂ ಬಂದಾಗಿದೆ.

ಕಳೆದ ಭಾನುವಾರ ಹಾಸನದಿಂದ ಅಮ್ಮ ಫೋನು ಮಾಡಿ, ಕಂದಾಯ ಕಟ್ಟಿದೆಯಾ ಎಂದಳು. ಕಟ್ಟಿದೆ ಎಂದೆ, ಎಷ್ಟೆಂದು ಹೇಳಿದೆ, ಆ ಮೊತ್ತವನ್ನು ಆಕೆ ರೂಪಾಯಿಗೆ ತಿರುಗಿಸಿಕೊಂಡು ಸುಧಾರಿಸಿಕೊಳ್ಳುವ ತನಕ ಕಾದೆ. ಮನೆಯಾದದ್ದು 2021ರಲ್ಲಿ, ಬೆಲೆ 2016ರದ್ದು ಎಂಬುದನ್ನು ಎರಡು ಸಲ ಬಿಡಿಸಿ ಹೇಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ಹಾಗಾದರೆ ಆ ಐದು ವರ್ಷ ಅದರಲ್ಲಿ ಯಾರಿದ್ದರೋ?’

‘ಯಾರೂ ಇರಲಿಲ್ಲ’ ಎನ್ನಲು ಬಾಯಿ ತೆರೆದವನು, ಎದ್ದು ಹೋಗಿ ಕಿಟಕಿ ಮುಚ್ಚಿಕೊಂಡು ಬಂದೆ.