ಓಡೂದು ನಾಯಿ, ಇಂವಾ ಏನ್ ಮಾಡ್ತಾನ?

ಸಿಟ್ಟು ಇಳಿಯೋ ಮುಂಚೆ ಬರೆದುಬಿಡ್ತೀನಿ.

ಊರಿಂದ ಬಂದಿರೋ ಅಕ್ಕ-ಭಾವನನ್ನು ಇವತ್ತು ಟ್ರಿಂಗ್ ಊರಿನ ಪ್ರಾಣಿ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಇಂಗ್ಲೆಂಡಿನ ಲೂಟನ್‌ನಲ್ಲಿರೋ ನಮ್ಮ ಮನೆಗೆ ಯಾರೇ ಬರಲಿ, ನಾನು ಮೊದಲು ಒಯ್ಯೋದು ಅಲ್ಲಿಗೇ.  ಯಾಕೆ ಅಂದರೆ ಅಲ್ಲಿ ಗಾಜಿನ ಹಿಂದೆ, ಸತ್ತ ಮೇಲೆ ಕಾಪಿಟ್ಟ ಮಿಕ್ ದ ಮಿಲ್ಲರ್ ನಿಂತಿದೆ. 1929 ಮತ್ತು 1930ರಲ್ಲಿ ಸಾಲಾಗಿ ಇಂಗ್ಲಿಷ್ ಡರ್ಬಿ ಅನ್ನೋ ನಾಯಿ ಓಟದ ದೊಡ್ಡ ಪಂದ್ಯ ಗೆದ್ದ ಗ್ರೇಹೌಂಡ್ ತಳಿಯ ನಾಯಿ. ಐರ್ಲೆಂಡಿನ ಒಬ್ಬ ಪಾದ್ರಿಯ ಮನೆಯಲ್ಲಿ ಹುಟ್ಟಿದ್ದು. ಮೊದಲ ಡರ್ಬಿಗೆ ಅದನ್ನು ತಯಾರು ಮಾಡಿದವರು ಮಿಕ್ ಹೋರನ್, ಎರಡನೆಯದಕ್ಕೆ ಸಿಡ್ನಿ ಆರ್ಟನ್ ಅಂತ ನಾನು ಹೇಳ್ತಾ ಇದ್ದೆ. ಅಷ್ಟರಲ್ಲಿ ಭಾವ ನಕ್ಕುಬಿಟ್ಟರು. "ಓಡೂದು ನಾಯಿ. ಇಂವಾ ಏನ್ ಮಾಡ್ತಾನ?"

ಬೇಟೆನಾಯಿಗೇ ಹೆಸರಾದ ಮುಧೋಳ ತಾಲ್ಲೂಕಿನವರು ಕೇಳೋ ಮಾತೇ ಇದು? ಬೇರೆ ಯಾರಾದರೂ ಕೇಳಿದ್ದರೆ ಸುಮ್ಮನಾಗ್ತಿದ್ದೆ.

ನಿಕ್ ಸವ್ವಾ ಅಂತ ಒಬ್ಬರು ಟ್ರೇನರ್, ಅಂದರೆ ಓಟದ ನಾಯಿ ಪಳಗಿಸೋರು. ಸೈಪ್ರಸ್‌ನಿಂದ ಈ ದೇಶಕ್ಕೆ ಬಂದವರು. ನಮ್ಮ ಮನೆಯಿಂದ ಬಹಳ ದೂರವಿಲ್ಲದ ಡನ್‌ಸ್ಟೇಬಲ್ ಕಡೆ ನಾಯಿ ಸಾಕಿ, ತಮ್ಮಲ್ಲಿ ಹುಟ್ಟಿದ ಮರಿಗಳ ಹೆಸರಿನ ಮುಂದೆ 'ವೆಸ್ಟ್‌ಮೀಡ್' ಅಂತ ಸೇರಿಸ್ತಾ ಬಂದರು. ಅವರ ಕೈಯಲ್ಲಿ ಟಾಮ್ಸ್ ದ ಬೆಸ್ಟ್ 1997ರಲ್ಲಿ ಐರಿಷ್ ಡರ್ಬಿ, 1998ರಲ್ಲಿ ಇಂಗ್ಲಿಷ್ ಡರ್ಬಿ ಗೆದ್ದಿತು. 2005 ಮತ್ತು 2006ರಲ್ಲಿ ವೆಸ್ಟ್‌ಮೀಡ್ ಹಾಕ್, 2007ರಲ್ಲಿ ವೆಸ್ಟ್‌ಮೀಡ್ ಲಾರ್ಡ್. ಮೂರು ವರ್ಷ ಸಾಲಾಗಿ ಒಂದೇ ಮನೆಗೆ ಡರ್ಬಿ! ಹಾಕ್ ಮೊದಲಲ್ಲಿ ಹಿಂದೆ ಬೀಳೋದು, ಕೊನೇ ತಿರುವಿನಿಂದ ಒಂದೊಂದೇ ನಾಯಿಯನ್ನು ದಾಟಿಕೊಂಡು ಬರೋದು. ಹಳೇ ವಿಡಿಯೋ ಹಾಕಿಕೊಂಡು ಅದೆಷ್ಟು ಸಲ ನೋಡಿದ್ದೀನೋ, ಈಗಲೂ ಎದ್ದು ನಿಲ್ತೀನಿ.

"ತಳಿ ಛಲೋ ಇರಬೇಕು, ಅಷ್ಟ" ಅಂದರು ಭಾವ. ಸರಿ, ಆ ತಳಿಯನ್ನು ಮಾಡಿದವರು ಯಾರು? ಯಾವ ಹೆಣ್ಣಿಗೆ ಯಾವ ಗಂಡು, ಯಾವ ಮರಿ ಉಳಿಸಿಕೊಳ್ಳಬೇಕು ಅಂತ ದಶಕಗಟ್ಟಲೆ ಲೆಕ್ಕ ಹಾಕಿದವರು ಅದೇ ಸವ್ವಾ. ಇನ್ನು ಇನ್ನೊಬ್ಬ ಟ್ರೇನರ್ ಚಾರ್ಲಿ ಲಿಸ್ಟರ್ ಅವರನ್ನು ನೋಡಿ. 1997ರಿಂದ 2013ರೊಳಗೆ ಏಳು ಡರ್ಬಿ. ಅವರ ರ್‍ಯಾಪಿಡ್ ರೇಂಜರ್ ಒಂದೇ ಎರಡು ಸಲ ಗೆದ್ದಿದೆ, ಉಳಿದ ಐದು ಬೇರೆ ಬೇರೆ ನಾಯಿಗಳು. ನಾಯಿ ಬದಲಾಗ್ತಾ ಹೋಯಿತು, ಹಗ್ಗ ಹಿಡಿದ ಮನುಷ್ಯ ಅವರೇ. ಹಾಗಿದ್ದ ಮೇಲೆ ಗೆದ್ದಿದ್ದು ಬರೀ ನಾಯಿಯೇ?

ಓಟ ಅಂದರೆ ಆರು ನಾಯಿ, 480 ಮೀಟರ್, ಅರ್ಧ ನಿಮಿಷದೊಳಗೆ ಎಲ್ಲ ಮುಗೀತು. ಜನ ನೋಡೋದು ಅಷ್ಟನ್ನೇ. ಬೆಳಗಿನ ನಡಿಗೆ, ಸ್ನಾಯು ತಿಕ್ಕೋದು, ಬೆರಳ ಸಂದಿಯಲ್ಲಿ ಮರಳು ಹೊಕ್ಕಿದೆಯಾ ಅಂತ ಬಿಡಿಸಿ ನೋಡೋದು, ಉಗುರು ಕತ್ತರಿಸೋದು, ಇವನ್ನು ಯಾರೂ ನೋಡಲ್ಲ. ಇಲ್ಲಿ ಹಿಂದಿನ ಓಟಕ್ಕಿಂತ ತೂಕ ಒಂದು ಕಿಲೋ ಮೀರಿ ಏರುಪೇರಾದರೆ ಆ ನಾಯಿಯನ್ನು ಓಡೋಕೇ ಬಿಡಲ್ಲ. ಒಂದು ಹೊತ್ತಿನ ಊಟ ತಪ್ಪಿದರೂ ಲೆಕ್ಕ ಕೆಡುತ್ತೆ. ಒಂದು ನಾಯಿ ಒಳಗಿನ ಕಟಾಂಜನ ಹಿಡಿದು ಓಡುತ್ತೆ, ಇನ್ನೊಂದಕ್ಕೆ ಹೊರಗಿನ ದಾರಿಯೇ ಬೇಕು, ಅದನ್ನು ಗುರುತಿಸಿ ಹೇಳಬೇಕಾದವರು ಟ್ರೇನರ್. ಡರ್ಬಿಯಂತೂ ವಾರಗಟ್ಟಲೆ ನಡೆಯುತ್ತೆ. ಸುತ್ತಿನ ಮೇಲೆ ಸುತ್ತು, ಕೊನೇ ಶನಿವಾರದವರೆಗೂ ಆ ನಾಲ್ಕು ಕಾಲು ಕಾಯಬೇಕು.

ಕಾರಿನಲ್ಲಿ ಬರ್ತಾ ಭಾವ ಇನ್ನೊಂದು ತೆಗೆದರು. ಇದೆಲ್ಲ ಜೂಜು, ಪಾಪ ಮೂಕಪ್ರಾಣಿ, ಅದಕ್ಕೇ ದೇಶ ದೇಶಗಳು ನಿಲ್ಲಿಸ್ತಿವೆ ಅಂತ. ನಿಜ. ನ್ಯೂಜಿಲೆಂಡ್ 2024ರ ಡಿಸೆಂಬರ್‌ನಲ್ಲಿ ನಿಷೇಧ ಘೋಷಿಸಿತು, 2025ರಲ್ಲಿ ವೇಲ್ಸ್ ಸರ್ಕಾರವೂ ಹೇಳಿತು. ತಿರುವಿನಲ್ಲಿ ನಾಯಿಗಳ ಕಾಲು ಮುರಿಯೋದು ಸುಳ್ಳಲ್ಲ. ನಾಳೆ ಇಂಗ್ಲೆಂಡೂ ನಿಲ್ಲಿಸಿದರೆ ನಾನು ಅಡ್ಡ ನಿಲ್ಲಲ್ಲ. ಲಂಡನ್ನಿನ ವಿಂಬಲ್ಡನ್ ನಾಯಿ ಓಟದ ಟ್ರ್ಯಾಕ್ 2017ರಲ್ಲೇ ಮುಚ್ಚಿತು, ಅಲ್ಲೀಗ ಫುಟ್ಬಾಲ್ ಆಡ್ತಾರೆ. ಆದರೆ ಆಟ ನಿಲ್ಲಿಸಬೇಕೋ ಬೇಡವೋ ಅನ್ನೋದು ಬೇರೆ ಮಾತು, ಆ ಕೈಗಳಲ್ಲಿ ವಿದ್ಯೆ ಇತ್ತೋ ಇಲ್ಲವೋ ಅನ್ನೋದು ಬೇರೆ ಮಾತು. ಒಂದನ್ನು ಎತ್ತಿ ಇನ್ನೊಂದನ್ನು ಮುಚ್ಚೋದು ನನಗೆ ಸಹಿಸೋಕಾಗಲ್ಲ.

ನಮ್ಮಲ್ಲೂ ಇದೇ ಕಥೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಸ್ಟಾಂಪ್ ತಂದಾಗ ಊರೆಲ್ಲ ಸಂಭ್ರಮ. ಈಗ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಸಂತೋಷ. ಆದರೆ ತಲೆತಲಾಂತರದಿಂದ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಹಾಕಿ ಆ ತಳಿ ಉಳಿಸಿದ ಮನೆಗಳ ಹೆಸರು ಯಾರ ಬಾಯಲ್ಲಿದೆ?

ನಮ್ಮ ಕಾಕಾ ಅಂಥವರೇ. ಅವರ ಮುಧೋಳ ನಾಯಿ ರಾಜಾ ಹೊಲದ ಒಡ್ಡು ಹಾರಿದರೆ ನೆಲ ಮುಟ್ಟಿದ್ದು ಕಾಣ್ತಿರಲಿಲ್ಲ.

ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಪಿಯುಸಿ ರಜೆಯಲ್ಲಿ ಕಾಕಾ ಎರಡು ದಿನ ಜಮಖಂಡಿಗೆ ಮದುವೆಗೆ ಹೋಗಿದ್ದರು. "ನಸುಕಿನ್ಯಾಗ ಅಷ್ಟ ಬಿಡು, ಮೆತ್ತನ್ನ ಮಣ್ಣಾಗ ಬಿಡು, ಉಂಡ ಮ್ಯಾಲ ಬಿಡಬ್ಯಾಡ" ಅಂತ ಮೂರು ಮಾತು ಹೇಳಿದ್ದರು. ಗೆಳೆಯರ ಮುಂದೆ ಮೆರೆಯೋಕೆ ನಾನು ಮೂರನ್ನೂ ಮುರಿದೆ. ನಡುಮಧ್ಯಾಹ್ನ, ಡಾಂಬರು ರಸ್ತೆ, ಹೊಟ್ಟೆ ತುಂಬ ಹಾಲು-ರೊಟ್ಟಿ. ಇನ್ನೂರು ಗಜ ಓಡಿ ರಾಜಾ ಬಿತ್ತು, ಮುಂಗಾಲಿನ ಮಣಿಕಟ್ಟು ಹೋಗಿತ್ತು. ತೆಗ್ಗಿನಲ್ಲಿ ಕಾಲು ಸಿಕ್ಕಿತು ಅಂತ ಮನೆಯಲ್ಲಿ ಸುಳ್ಳು ಹೇಳಿದೆ. ಕಾಕಾ ಆ ಕಾಲನ್ನು ಕೈಯಲ್ಲಿ ಹಿಡಿದು ಒಮ್ಮೆ ಒತ್ತಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಅಂದಿನಿಂದ ರಾತ್ರಿ ರಾತ್ರಿ ಎಣ್ಣೆ ಕಾಸಿ ತಿಕ್ಕಿದರು. ರಾಜಾ ಮತ್ತೆ ಓಡಲಿಲ್ಲ. ಅದು ಸಾಯೋವರೆಗೂ ಕಾಕಾ ತಮ್ಮ ತಾಟಿನಿಂದಲೇ ಉಣಿಸಿದರು.

ನನ್ನ ಕೈಗೆ ಎರಡೇ ದಿನ ಕೊಟ್ಟಿದ್ದು. ನಾಯಿ ಅದೇ, ತಳಿ ಅದೇ, ಕಾಲೂ ಅವೇ.

ಭಾವ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ರಾಜಾನನ್ನು ಅವರೂ ಕಂಡವರು, ಮದುವೆಗೆ ಬಂದಾಗ ಅದರ ಬೆನ್ನು ಸವರಿದವರು. ಅದು ಯಾಕೆ ಕುಂಟುತ್ತಿತ್ತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಚಹಾ ಕುಡಿಯೋವಾಗ ಹೇಳ್ತೀನಿ.