ಕಿತ್ತು ಹಾಕಿದ 1300 ವರ್ಷ

ರೋಮಿನಲ್ಲಿದ್ದೇನೆ. ಬೆಳಿಗ್ಗೆ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಹಳೇ ಗೋಡೆ ಕಂಡರೆ ನಾನು ಅಲ್ಲೇ ನಿಂತುಬಿಡುವುದು ನಿಮಗೆ ಗೊತ್ತೇ ಇದೆ.

ಪುರಾತನ ರೋಮಿನ ನಡುಚೌಕವಾದ ಫೋರಮ್ಮಿನಲ್ಲಿ, ಕ್ಯೂರಿಯಾ ಜೂಲಿಯಾ ಒಳಗಿದ್ದೆ. ರೋಮನ್ ಸೆನೆಟ್ ಸೇರುತ್ತಿದ್ದ ಹಾಲ್ ಅದು. ಪಕ್ಕದಲ್ಲಿ ಒಬ್ಬ ಗೈಡ್ ಹೇಳುತ್ತಿದ್ದ: "ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆದು ಮೂಲ ರೂಪಕ್ಕೆ ತಂದಿದ್ದಾರೆ." ಮೈ ಉರಿಯಿತು.

ಯಾವ ಮೂಲ ರೂಪ? ಕ್ರಿ.ಪೂ. 44ರಲ್ಲಿ ಸೀಸರ್ ಶುರು ಮಾಡಿಸಿದ. ಮುಗಿಯುವ ಮೊದಲೇ ಕೊಲೆಯಾದ. ಕ್ರಿ.ಪೂ. 29ರಲ್ಲಿ ಅಗಸ್ಟಸ್ ಮುಗಿಸಿದ. ಅದೂ ಕ್ರಿ.ಶ. 283ರ ಬೆಂಕಿಯಲ್ಲಿ ಹೋಯಿತು. ಈಗ ಕಾಣುವ ಇಟ್ಟಿಗೆ ಗೋಡೆ ಆಮೇಲೆ ಬಂದ ಚಕ್ರವರ್ತಿ ಡಯೊಕ್ಲೀಷಿಯನ್ ಕಟ್ಟಿಸಿದ್ದು. 630ರಲ್ಲಿ ಪೋಪ್ ಒಂದನೇ ಹೊನೋರಿಯಸ್ ಇದನ್ನು ಸಂತ ಏಡ್ರಿಯನ್ ಚರ್ಚ್ ಮಾಡಿದ. 1930ರ ದಶಕದಲ್ಲಿ, ಮುಸೊಲಿನಿ ಕಾಲದಲ್ಲಿ, ಆ ಚರ್ಚನ್ನೇ ಕಿತ್ತು ತೆಗೆದರು. 17ನೇ ಶತಮಾನದಲ್ಲಿ ಆ ಚರ್ಚಿಗೆ ಮಾಡಿದ ಬರೋಕ್ ಶೈಲಿಯ ಅಲಂಕಾರವೂ ಹೋಯಿತು.

ಲೆಕ್ಕ ಹಾಕಿ ನೋಡಿ. ಈ ಗೋಡೆಗಳ ನಡುವೆ ಸೆನೆಟ್ ಸೇರಿದ್ದು ಹೆಚ್ಚೆಂದರೆ 350 ವರ್ಷ. ಚರ್ಚ್ ಇದ್ದದ್ದು ಸುಮಾರು 1300 ವರ್ಷ. ಜಾಸ್ತಿ ಯಾವುದು? ಅಷ್ಟು ವರ್ಷ ಇಲ್ಲಿ ಮೊಣಕಾಲೂರಿದ ಜನ ಸುಮ್ನೆ ಬಂದು ಹೋದವರಾ?

ಈ ಹಾಲ್ ಉಳಿದದ್ದೇ ಚರ್ಚ್ ಆದದ್ದರಿಂದ. ಪಕ್ಕದ ಬೆಸಿಲಿಕಾ ಎಮಿಲಿಯಾ ನೋಡಿ, ಅದೂ ರೋಮನ್ ಕಾಲದ ದೊಡ್ಡ ಸಾರ್ವಜನಿಕ ಹಾಲ್. ಅದರ ಕಲ್ಲು ಬೇರೆ ಕಟ್ಟಡಗಳಿಗೆ ಹೋಯಿತು. ಈಗ ಅಲ್ಲಿ ನೆಲ, ಒಡೆದ ಕಂಬ, ಅಷ್ಟೇ. ಕ್ಯೂರಿಯಾದ ಕಂಚಿನ ಬಾಗಿಲು ಕೂಡ 17ನೇ ಶತಮಾನದಲ್ಲಿ ಲ್ಯಾಟೆರನ್ ಚರ್ಚಿಗೆ ಹೋಗಿದೆ. ಇಲ್ಲಿರುವುದು ನಕಲು.

ಚರ್ಚ್ ತೆಗೆಯದಿದ್ದರೆ ಕೆಳಗಿನ ಬಣ್ಣದ ಅಮೃತಶಿಲೆಯ ನೆಲ ಕಾಣುತ್ತಿರಲಿಲ್ಲ ಅಂತ ನೀವು ಹೇಳಬಹುದು. ನೆಲ ತುಂಬ ಚೆಂದ, ಒಪ್ಪುತ್ತೇನೆ. ಆದರೆ ಇದೇ ಊರಿನ ಸಾನ್ ಕ್ಲೆಮೆಂಟೆಗೆ ಹೋಗಿ. ಮೇಲೆ 12ನೇ ಶತಮಾನದ ಚರ್ಚ್. ಮೆಟ್ಟಿಲಿಳಿದರೆ 4ನೇ ಶತಮಾನದ ಚರ್ಚ್. ಇನ್ನೂ ಇಳಿದರೆ ರೋಮನ್ ಕಾಲದ ಕೋಣೆಗಳು. ಅಲ್ಲಿ 1857ರಲ್ಲಿ ಅಗೆಯಲು ಶುರು ಮಾಡಿದರು. ಮೇಲಿನದನ್ನು ಕೆಡವಲಿಲ್ಲ. ಮನಸ್ಸಿದ್ದರೆ ದಾರಿ ಸಿಗುತ್ತದೆ ಅಲ್ವಾ?

ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ಸಲ ಬಂದಾಗ ನಾನೂ ಇಲ್ಲಿ ಸೀಸರ್‌ನನ್ನೇ ಹುಡುಕಿದ್ದೆ. ಗೋಡೆಯ ಮೇಲೆ ಉಳಿದ ಚರ್ಚಿನ ಚಿತ್ರದ ತುಣುಕುಗಳು ಕಣ್ಣಿಗೇ ಬಿದ್ದಿರಲಿಲ್ಲ. ಆ ಬೇಜಾರು ಇವತ್ತಿಗೂ ಇದೆ. ಈ ಸಲ ಅದರ ಮುಂದೆಯೇ ತುಂಬ ಹೊತ್ತು ನಿಂತೆ.

ಹೊರಗೆ ಬಂದು ಮುಂಗೋಡೆ ನೋಡಿದೆ. ಮಧ್ಯಯುಗದಲ್ಲಿ ಸತ್ತವರನ್ನು ಇಡಲು ಇಟ್ಟಿಗೆಯಲ್ಲಿ ಕೊರೆದ ಗೂಡುಗಳು ಈಗಲೂ ಕಾಣುತ್ತವೆ. ಆ ಗೈಡ್ ಅವುಗಳ ಮುಂದೆಯೇ ಗುಂಪನ್ನು ಕರೆದುಕೊಂಡು ಹೋದ. ಒಂದು ಮಾತೂ ಹೇಳಲಿಲ್ಲ.